ಒಂದು ಸೇರು, ಮೇಲೊಂದು ಹಿಡಿ

ಕೇಳಿದ್ದು ಇಷ್ಟೇ ಹೊನ್ನೂರಬಿ:
"ಡಬ್ಬಿಯಾಗೆ ಇನ್ನೂರು ಕಮ್ಮಿ ಐತಲ್ಲ, ಯಾವುದಕ್ಕೆ ತಗಂಡ್ರಿ?"
ಸೊಪ್ಪು ಸೋಸುತ್ತ, ತಲೆಯನ್ನೂ ಎತ್ತದೆ.

ನನ್ನ ಕೈಯ ಚಹಾ ಲೋಟ
ಗೋಡೆಗೆ ಹೋಗಿ ಬಡಿದದ್ದು
ನನಗೇ ಆಮೇಲೆ ಗೊತ್ತಾಯಿತು.

ಮನೆ ಮನೆಯ ಕರೆಂಟ್ ಮೀಟರ್ ಓದುವವನು ನಾನು.
ಬಿಲ್ಲು ಹೆಚ್ಚು ಬಂತೆಂದು ನಿಟುವಳ್ಳಿಯ ಮೇಷ್ಟ್ರೊಬ್ಬರು
ಗೇಟಿನಲ್ಲೇ ನಿಲ್ಲಿಸಿ ಕಳ್ಳ ಅಂದಿದ್ದರು ಬೆಳಿಗ್ಗೆ;
ನಕ್ಕು, ಚೀಟಿ ಹರಿದು ಕೊಟ್ಟು ಬಂದಿದ್ದೆ.
ಊರಿನ ಬೈಗುಳವನ್ನು ಚಪ್ಪಲಿಯ ಜೊತೆ ಹೊರಗೇ ಬಿಡುವವನು
ಮನೆಯ ಒಂದು ಮಾತಿಗೆ ಹೀಗೆ ಸಿಡಿದದ್ದು ಯಾಕೆ?

ಹೊರಬಿದ್ದೆ. ಅಶೋಕ ಟಾಕೀಸಿನ ರೈಲ್ವೆ ಗೇಟು ಹಾಕಿತ್ತು.
ಗೂಡ್ಸಿನ ಡಬ್ಬಿ ಎಣಿಸುತ್ತ ನಿಂತೆ,
ನಲವತ್ತೆರಡೋ, ನಲವತ್ಮೂರೋ,
ಲೆಕ್ಕ ತಪ್ಪಿತು.
ಎದೆ ಧಸಕ್ಕೆಂದಿತು.
ಗೂಡ್ಸಿನ ಡಬ್ಬಿಗೂ!
ಕೇಳುವವರು ಯಾರೂ ಇರಲಿಲ್ಲ ಅಲ್ಲಿ.

ಕಾಲು ತಾವಾಗಿ ಮಂಡಕ್ಕಿ ಭಟ್ಟಿಯ ಸಾಲಿಗೆ ನಡೆದವು.
ರಾತ್ರಿ ಒಂಬತ್ತು. ಒಲೆ ಆರಿಸಿ ಎಲ್ಲರೂ ಹೋಗಿದ್ದರು.
ದಾದಾಪೀರನ ಬಾಣಲೆಗೆ ಸುಮ್ಮನೆ ಕೈ ಇಟ್ಟೆ.
ಮೇಲೆ ತಣ್ಣನೆಯ ಮರಳು.
ಬೆರಳು ಎರಡು ಗೆಣ್ಣು ಇಳಿದದ್ದೇ
ಚುರ್ ಅಂತು.
ಐದು ಗಂಟೆಗೇ ಆರಿದ ಒಲೆ ಅದು.

ಇದೇ ಸಾಲಿನಲ್ಲಿ ಕೂತಿರುತ್ತಿದ್ದೆ, ಒಂಬತ್ತು ವರ್ಷದವನು,
ಮೂಗಿನೊಳಗೆ ಮಸಿ, ಹುಬ್ಬಿನ ಮೇಲೆ ಉಪ್ಪು.
ಅಪ್ಪ ಅಳೆಯುವನು:
ಲಾಭ, ಎರಡು, ಮೂರು...
ಚೀಲ ಮುಗಿಯುವಾಗ ನಾಕು ಸೇರು ಕಮ್ಮಿ.
"ಎಲ್ಲಿ ಹೋಯ್ತು?"
ಹೊಡೆಯುವ ಮೊದಲು ಮೆಲ್ಲಗೇ ಕೇಳುತ್ತಿದ್ದ,
ಸೊಪ್ಪು ಸೋಸುವಷ್ಟು ಮೆಲ್ಲಗೆ.
ತಿಂದಿಲ್ಲ ಅಂದರೆ ಬಾಯಿ ತೆಗೆಸುವನು,
ನಾಲಗೆಯ ಅಡಿಗೆ ಬೆರಳು ಹಾಕಿ ಹುಡುಕುವನು.

ಮನೆಗೆ ಬಂದೆ. ಲೋಟ ಎತ್ತಿಟ್ಟಿದ್ದಳು.
ಗೋಡೆ ಒರೆಸಿರಲಿಲ್ಲ.
"ನೀ ಕೇಳಿದ್ದು ನಿನ್ನ ದನಿಯಾಗೆ ಕೇಳಿಸಲಿಲ್ಲ ನಂಗೆ" ಎಂದೆ.
ಹನ್ನೊಂದು ವರ್ಷದ ಸಂಸಾರದಲ್ಲಿ ಮೊದಲ ಸಲ
ನಾಲಗೆಯ ಅಡಿಯ ಆ ಬೆರಳಿನ ಮಾತು ಹೇಳಿದೆ.

ಅಯ್ಯೋ ಎನ್ನಲಿಲ್ಲ ಅವಳು.
ಸ್ಟೂಲು ಹತ್ತಿ ಅಟ್ಟದಿಂದ ಅಪ್ಪನ ಸೇರು ಇಳಿಸಿದಳು.
ಹಳೆ ಗುಂಡಿ ಹಾಕಿಟ್ಟಿದ್ದೆವು ಅದರಲ್ಲಿ,
ನೆಲಕ್ಕೆ ಸುರಿದು ಮಗುಚಿ ಹಾಕಿದಳು.
ಯಾವಾಗಲೋ ತಳ ಬಿಚ್ಚಿ ಬೆಸೆಸಿದ ಗುರುತು;
ಹೊಸ ತಗಡು ಬಟ್ಟಲಿನಂತೆ ಕೆಳಗಿಳಿದಿತ್ತು.
ಅಕ್ಕಿ ತುಂಬಿದಳು, ತಲೆ ಸವರಿದಳು,
ಪಕ್ಕದ ಮನೆಯಿಂದ ತಂದ ಸೇರಿಗೆ ಸುರಿದಳು.
ಒಂದು ಹಿಡಿ ಉಳಿಯಿತು.

ಅಂಗೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು:
"ತಗಳ್ರಿ, ನೀವು ಕದ್ದಿದ್ದು."

ನಗು ಬಂತು.
ಅರ್ಧಕ್ಕೆ ಬಂದು ಅದು ನಗುವಾಗಿ ಉಳಿಯಲಿಲ್ಲ.

ಅಪ್ಪನ ಬಾಯಿಯನ್ನು ಯಾರು ತೆಗೆಸಿ ನೋಡಿದ್ದರೋ,
ಹೇಳದೆ ಹೋದ.
ಕ್ಷಮಿಸಿದೆ ಎನ್ನಲಾರೆ, ಇವತ್ತಿಗಂತೂ.
ಸೇರನ್ನು ಬೇಕಾದರೆ ಕ್ಷಮಿಸಬಲ್ಲೆ.

"ಆಯ್ತು" ಎಂದಳು ಹೊನ್ನೂರಬಿ. "ಆ ಇನ್ನೂರು?"

ಒಳಗೆ ಮರಳು ಸರಿದಂತಾಯಿತು,
ಎರಡು ಗೆಣ್ಣು ಕೆಳಗೆ, ಅದೇ ಜಾಗದಲ್ಲಿ.
ಇದು ಅದು, ಎಂದುಕೊಂಡೆ. ತಡೆದೆ.
ಕೈ ಖಾಲಿ ಇದೆಯೇ ನೋಡಿಕೊಂಡೆ.
ಆಮೇಲೆ ಬೆರಳು ಮಡಿಸಿದೆ:
ಲಾಭ, ಪಂಚರಿಗೆ ಎಂಬತ್ತು.
ಪೆಟ್ರೋಲಿಗೆ ಎಂಬತ್ತು.
ಮೇಷ್ಟ್ರ ಮನೆ ಬಿಟ್ಟಮೇಲೆ ಒಂದು ಚಹಾ, ಹತ್ತು.

ಮೂವತ್ತು ರೂಪಾಯಿ ಸಿಗಲೇ ಇಲ್ಲ.

ಅವಳು ನೆಲದ ಗುಂಡಿಗಳನ್ನು ಹೆಕ್ಕುತ್ತಿದ್ದಳು,
ಒಂದೊಂದಾಗಿ,
ಎಣಿಸದೆ.