ಡಿಡ್ ಬಂದ ಮೇಲೆ

ಚಿನಕುರಳಿ ಹೈಸ್ಕೂಲು, ಒಂಬತ್ತನೇ ಬಿ, ಗುರುವಾರ.
ಹೊಂಗೆಮರಕ್ಕೆ ತೂಗಿದ ರೈಲುಕಂಬಿಯ ತುಂಡು
ಪ್ರಾರ್ಥನೆ ಮುಗಿದಾಗಿನಿಂದ ಮೂಕ.
ಬಡಿಯುವ ಸರಳು ಕಾಣುತ್ತಿಲ್ಲ.

ಕದ್ದವಳು ನಾನೇ.
ಅಟೆಂಡರ್ ಸಿಂಗ್ರಯ್ಯನಿಗೆ ಒಂದು ಕಾಫಿ ಲಂಚ.
ಸರಳು ನನ್ನ ಚೀಲದಲ್ಲಿ, ಟಿಫನ್ ಡಬ್ಬಿಯ ಅಡಿಯಲ್ಲಿ,
ಹಳೇ ಪೇಪರು ಹೊದ್ದು ಮಲಗಿದೆ.
ಭೂತಕಾಲದ ಪ್ರಶ್ನೆ ಕಲಿಸಲು
ಒಂದು ಕಳ್ಳತನ ಬೇಕಿತ್ತು.

"ಎಲ್ಲರೂ ಪೊಲೀಸು, ಎಲ್ಲರೂ ಕಳ್ಳರು.
ನಿಯಮ ಒಂದೇ ಕಣ್ರೋ:
ಪ್ರಶ್ನೆ ತಪ್ಪಿದ್ದರೆ ಸುಳ್ಳು ಹೇಳಬಹುದು,
ಸರಿಯಿದ್ದರೆ ನಿಜವನ್ನೇ ಹೇಳಬೇಕು."

ಯಶಸ್ ಎದ್ದ. ಇಲ್ಲದ ಮೀಸೆ ತಿರುವಿದ.
"ಡಿಡ್ ಯು ವೆಂಟ್ ಟು ಟ್ರೀ?"
ರುಹಿನಾ ಅಂದಳು, "ನೋ ಸಾರ್. ಐ ವೆಂಟ್ ಟು ಮೂನ್."

ನಮ್ಮ ಮಾತಿನಲ್ಲಿ ಪ್ರಶ್ನೆ ಬಾಲಕ್ಕಿರುತ್ತದೆ:
ಹೋದೆಯಾ, ನೋಡಿದೆಯಾ, ಕದ್ದೆಯಾ.
ಆಗಿದ್ದೆಲ್ಲ ಆಗಿ ಹೋದಮೇಲೆ
ಕೊನೆಗೊಂದು ಆ ಎಳೆದರಾಯಿತು.
ಇಂಗ್ಲಿಷು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ.
ಡಿಡ್ ಅನ್ನುವವನು ಹಮಾಲಿ.
ನಿನ್ನೆಯ ಮೂಟೆಯೆಲ್ಲ ಅವನ ಬೆನ್ನ ಮೇಲೆ.
ಹಿಂದೆ ಬರುವ ವೆಂಟು ಕೈಬೀಸಿಕೊಂಡು
ಗೋ ಆಗಿ ಬರಬಹುದು,
ಏನೂ ಆಗಿಯೇ ಇಲ್ಲವೆಂಬಂತೆ.

ಆಮೇಲೆ ಆಟ ಕಾವೇರಿತು.
"ವಾಟ್ ಡಿಡ್ ಯು ಈಟ್?" "ಐ ಏಟ್ ಮುದ್ದೆ."
"ವೆನ್ ಡಿಡ್ ಯು ಈಟ್?" "ವೆನ್ ಮೈ ಮದರ್ ಶೌಟೆಡ್."
"ವೈ ಡಿಡ್ ಯು ರನ್ ಟು ವಿಸಿ ನಾಲೆ?"
"ವಾಟರ್ ಕೇಮ್, ಮಿಸ್!"
ಇಡೀ ಕ್ಲಾಸು ಚಪ್ಪಾಳೆ ತಟ್ಟಿತು, ನೀರಿಗೋ ವ್ಯಾಕರಣಕ್ಕೋ.

ಲಿಖಿತನನ್ನು ಮಾತ್ರ ಯಾರೂ ಕೇಳಲಿಲ್ಲ.
ಆಟಕ್ಕೂ ಕೇಳಲಿಲ್ಲ.

ಕೊನೇ ಬೆಂಚಿನಿಂದ ಮಾದಲಾಂಬಿಕೆ ಎದ್ದಳು.
ಜೋರಾಗಿ ಹೇಳು ಅಂತ ದಿನಾ ಹೇಳಿಸಿಕೊಳ್ಳುವವಳು.
ಕುರ್ಚಿಗೆ ತೂಗುಹಾಕುವ ಚೀಲವನ್ನು
ನಾನು ಇವತ್ತು ಕಾಲಿನ ಹತ್ತಿರ ಇಟ್ಟುಕೊಂಡದ್ದು
ಅವಳೊಬ್ಬಳೇ ನೋಡಿದ್ದು.
"ಮಿಸ್, ಡಿಡ್ ಯು ಟೇಕ್ ಇಟ್?"

ಟೇಕು ಟೇಕಾಗಿಯೇ ಇತ್ತು.
"ಯೆಸ್, ಐ ಡಿಡ್."

ಡೆಸ್ಕು ಬಡಿದರು, ಕೂಗಿದರು.
ನಗುನಗುತ್ತ ಸರಳು ಎಳೆದೆ.
ಪೇಪರಿನ ಮಡಿಕೆಗೆ ಸಿಕ್ಕಿ ಜೊತೆಗೇ ಬಂತು
ಕೆಂಪು ಪೆನ್ನು.
ಬಿತ್ತು, ಉರುಳಿತು, ಮೊದಲ ಬೆಂಚಿನ ಕಾಲಿಗೆ ತಗುಲಿ ನಿಂತಿತು.

ಸೋಮವಾರ ಈ ಪೆನ್ನಿಗಾಗಿ
ಲಿಖಿತನ ಚೀಲವನ್ನು ಇದೇ ನೆಲದ ಮೇಲೆ ಮಗುಚಿದ್ದೆ.
ಎರಡು ನೋಟ್‌ಬುಕ್ಕು, ಕಚ್ಚಿದ ಅಚ್ಚುಬೆಲ್ಲ,
ತಂಗಿಯ ಹೇರ್‌ಕ್ಲಿಪ್ಪು, ಮುಗಿದುಹೋದ ಬಸ್ ಪಾಸು.
ಒಂದೊಂದಾಗಿ ಹೆಕ್ಕಿಕೊಂಡ.
ಬೆಲ್ಲಕ್ಕೆ ಅಂಟಿದ ಮಣ್ಣನ್ನು ಊದಿ, ಊದಿ,
ಮತ್ತೆ ಒಳಗಿಟ್ಟ.

ಮಾದಲಾಂಬಿಕೆ ಇನ್ನೂ ನಿಂತೇ ಇದ್ದಳು.
"ವೆನ್ ಡಿಡ್ ಯು ಫೈಂಡ್ ಇಟ್?"

ಫೌಂಡ್ ಅನ್ನಬಾರದಿತ್ತೇ ಹುಡುಗಿ,
ಒಂದೇ ಒಂದು ಸಲ ತಪ್ಪಬಾರದಿತ್ತೇ.

"ಐ ಫೌಂಡ್ ಇಟ್ ಆನ್ ಟ್ಯೂಸ್‌ಡೇ."

ನಡುವೆ ಒಂದಿಡೀ ಬುಧವಾರ ಇತ್ತು.
ಆ ರಾತ್ರಿ ಇದೇ ಪೆನ್ನಿನಲ್ಲಿ
ಅವನ ಹೋಂವರ್ಕಿಗೂ ರೈಟು ಹಾಕಿದ್ದೆ,
ವೆರಿ ಗುಡ್ ಅಂತಲೂ ಬರೆದಿದ್ದೆ.

ಕುಂತಿಬೆಟ್ಟದ ಕಡೆಯ ಕಿಟಕಿ ಪಕ್ಕ ಅವನು,
ಡೆಸ್ಕಿನ ಗೀಚನ್ನು ಉಗುರಿನಿಂದ ಇನ್ನಷ್ಟು ಆಳ ಮಾಡುತ್ತ.
"ಲಿಖಿತ್," ಅಂದೆ, "ಐ ಡಿಡಂಟ್ ಟೋಲ್ಡ್ ಯು..."

ಇಪ್ಪತ್ತೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ.

ತಲೆ ಎತ್ತದೆ, ಮೆಲ್ಲಗೆ, ಅವನು:
"ಟೆಲ್, ಮಿಸ್."

ಹೇಳಿದೆ. ಕನ್ನಡದಲ್ಲಿ.

ಬಾಗಿಲಲ್ಲಿ ಸಿಂಗ್ರಯ್ಯ ಕೈಚಾಚಿ ನಿಂತಿದ್ದ.
ಹನ್ನೊಂದು ದಾಟಿ ಹತ್ತು ನಿಮಿಷ.
ಸರಳು ಇಸಕೊಂಡು ಹೊಂಗೆಯ ಕೆಳಗೆ ಹೋಗಿ
ಹನ್ನೊಂದರ ಬೆಲ್ಲು ಹೊಡೆದ.