ಹನ್ನೆರಡೂಕಾಲು

ಭಟ್ಟಿಯ ಹೊಗೆ ಅಂಗನವಾಡಿಯ ಕಿಟಕಿಗೂ ಬರುತ್ತದೆ.
ತನ್ವೀರನ ತೋಳಿಗೆ ಪಟ್ಟಿ ಸುತ್ತಿದೆ.
ಹನ್ನೆರಡೂಕಾಲು. ಹಳದಿ.

"ಅಷ್ಟು ಬಿಗಿ ಹಿಡೀಬ್ಯಾಡವ್ವ," ಅಂದರು ಕೊಟ್ರಮ್ಮ ಟೀಚರ್.
ಇಂಟರ್ನ್‌ಶಿಪ್ಪಿನ ನಾಲ್ಕನೇ ದಿನ;
ಒಂದೆಳೆ ಸಡಿಲಿಸಿದರೆ ಹಸಿರಾಗುತ್ತದೆಂದು
ಆವತ್ತೇ ತಿಳಿದದ್ದು.

ನಿನ್ನೆ ಏನು ತಿಂದ? ಫಾರಂ ಕೇಳುತ್ತದೆ.
ಮೆಹಬೂಬಿ ತಲೆಗೂದಲ ಬೂದಿ ಕೊಡವಿ, ಮಂಡಕ್ಕಿ, ಅಂದಳು.
ಬೆಳಗ್ಗೆ?
ಮಂಡಕ್ಕಿ.
ರಾತ್ರಿ?
ನಕ್ಕುಬಿಟ್ಟಳು.
"ಹುರಿಯೋರ ಮನ್ಯಾಗ ಇನ್ನೇನಿರ್ತತಿ ಮೇಡಂ?"

ಧಾನ್ಯ, ಕಾಳು, ಸೊಪ್ಪು, ಮೊಟ್ಟೆ.
ಅರ್ಧ ಗಾಳಿಯೇ ಆದದ್ದಕ್ಕೆ ಕಾಲಂ ಇಲ್ಲ.
ಧಾನ್ಯಕ್ಕೇ ಟಿಕ್ ಹಾಕಿದೆ.

ಪಟ್ಟಿ ಮಾತ್ರ ಸಡಿಲಿಸಲಿಲ್ಲ.

ಹೊರಡುವಾಗ ಹುಡುಗ ನನ್ನ ಬ್ಯಾಗಿಗೆ
ಒಂದು ಹಿಡಿ ಸುರಿದ.
ಹಾಸ್ಟೆಲಿಗೆ ಬರುವಷ್ಟರಲ್ಲಿ ಮೆತ್ತಗಾಗಿತ್ತು.
ಮರುದಿನ, ಯಾರೂ ಇಲ್ಲದಾಗ,
ಮಕ್ಕಳ ತಕ್ಕಡಿಯಲ್ಲಿಟ್ಟು ನೋಡಿದೆ.
ಮುಳ್ಳು ಅಲುಗಲಿಲ್ಲ.