ಹನ್ನೊಂದನೇ ಚಾಕು

ಯಾದಗಿರಿ ಸ್ಟೇಷನ್ ರೋಡಿನ ನನ್ನ ಗಡಿಯಾರದಂಗಡ್ಯಾಗ
ಗಿರಾಕಿಗಿಂತ ಗಡಿಯಾರ ಹೆಚ್ಚು,
ಗಡಿಯಾರಕ್ಕಿಂತ ಚಾಕು.
ಬಿಸ್ಕೀಟಿನ ತಗಡಿನ ಡಬ್ಬ್ಯಾಗ, ಹಳೇ ಧೋತರದ ಚಿಂದಿ ಸುತ್ತಿ,
ಹತ್ತೊಂಬತ್ತು. ಎಲ್ಲಾ ಮಡಚೂವಂಥವು.

ಪ್ಲಾಸ್ಟಿಕ್ ಹಿಡಿಕಿದು ನಾ ಮುಟ್ಟಂಗಿಲ್ಲ.
ಹುಣಸಿ ಬೇರಿಂದು ಅದ, ಕೋಣನ ಕೋಡಿಂದು ಅದ,
ಒಂಟಿ ಎಲುಬಿಂದು ಒಂದು, ಹೈದರಾಬಾದ್ ಕಡಿಂದ ಬಂದದ್ದು,
ಚಹಾದ ಬಣ್ಣಕ್ಕ ತಿರುಗ್ಯಾದ.
ಸತ್ತ ಮ್ಯಾಲೂ ಸುಮ್ಮನಿರಂಗಿಲ್ಲ ಇವು:
ಮೇ ತಿಂಗಳ ಬಿಸಿಲಿಗೆ ಕೋಡು ಕುಗ್ತದ,
ಹಿತ್ತಾಳಿ ಮೊಳಿ ತಲಿ ಎತ್ತತಾವ, ಬೆರಳಿಗೆ ತರಚತಾವ.
ಮಳಿ ಬಿದ್ದರ ಮತ್ತ ಉಬ್ಬಿ ಮೊಳಿ ನುಂಗತದ.
ವಾರಕ್ಕೊಮ್ಮೆ ಕುಸುಬಿ ಎಣ್ಣಿ, ಹೆಬ್ಬೆಟ್ಟಿಲೆ.
"ಹಸುಗೂಸಿಗೂ ಇಷ್ಟು ತಿಕ್ಕಲಿಲ್ಲ ನೀ"
ಅಂತಾಳ ನನ್ನ ಹೆಂಡತಿ ರುದ್ರಾಣಿ.
ಖರೇ ಅದ.

ಹನ್ನೊಂದನೇದು ಟಗರಿನ ಕೋಡಿಂದು.
ಅಲಗು ಸವೆದು ಬೇವಿನೆಲಿ ಆಗ್ಯಾದ.
ಹಿಡಿಕಿ ಮ್ಯಾಲ ಹೆಬ್ಬೆಟ್ಟಿನ ತಗ್ಗು,
ಆದರ ಇರಬೇಕಾದ ಮಗ್ಗಲದಾಗ ಅಲ್ಲ.
ಭೂತಗನ್ನಡಿ ಕಣ್ಣಿಗೇರಿಸಿ, ತಿರುವಿ ತಿರುವಿ ನೋಡಿ
"ಎಡಚ ಇದ್ದನೇನವ್ವ?" ಅಂದಿದ್ದೆ, ಕೊಂಡ ದಿನ.
ಮೋನಮ್ಮ ಸೆರಗು ಬಾಯಿಗಿಟ್ಟಳು. ನಕ್ಕಳೋ ಏನೋ, ತಿಳೀಲಿಲ್ಲ.
ಗಂಡನ ಹೆಸರು ಹೇಳಲಿಲ್ಲ, ಹೇಳೂ ಪದ್ಧತಿ ಇಲ್ಲ.
ಹಿಂಗಾಗಿ ನನ್ನ ವಹಿಯಾಗ ಅದು "ಮೋನಮ್ಮನವರದು":
ನೂರಾ ಎಂಬತ್ತು ರೂಪಾಯಿ, ಒಂದು ಕಪ್ ಚಹಾ.

"ಈ ಕೋಡಿನ ಟಗರು ನನಗ ಹಾಯ್ದಿತ್ತರಿ,
ನಾ ಹೊಸ್ತಾಗಿ ನಡೀಲಾಕ ಬಂದಾಗ.
ಹಟ್ಟಿ ಬಾಗಲದಾಗೇ ಕೆಡವಿತ್ತು."

ವರ್ಷಕ್ಕೊಮ್ಮೆ, ಸಂತಿ ಮುಗಿಸಿ ಬರ್ತಾಳ.
"ಅದನ?" ಅಂತಾಳ.
ಅದ ಅಂತೀನಿ.
ತೆಗೀತಾಳ, ಟಕ್.
ಮಡಚ್ತಾಳ. ಮೂಸ್ತಾಳ.
ಕುಸುಬಿ ಎಣ್ಣಿ ವಾಸನಿ ಆಕಿಗೆ ಸೇರಂಗಿಲ್ಲ, ಮಾರಿ ಕಿವುಚ್ತಾಳ,
ಬಸ್ಸಿಗೆ ಹೋಗ್ತಾಳ.

ಈ ಸಲ ಹೋಗಲಿಲ್ಲ.
ಚೀಲದಾಗಿಂದ ಸವತಿಕಾಯಿ ತೆಗೆದಳು,
ಕೇಳಲಿಲ್ಲ, ಹೆಚ್ಚಿದಳು.
ನನ್ನ ಎದಿ ಧಸಕ್ಕಂತು.
ಹತ್ತು ವರ್ಷ ಏನೂ ಮುಟ್ಟಿಸಿದ್ದಿಲ್ಲ ನಾ ಅದಕ್ಕ,
ನೀರು ಸುದ್ದಾ.
ಬಲಗೈಯಾಕಿ, ಎಡಗೈಲೆ ಹಿಡಿದಿದ್ದಳು;
ಹೆಬ್ಬೆಟ್ಟು ತಗ್ಗಿನಾಗ ಕುಂತಿತ್ತು.
ಹೋಳು ಡೊಂಕು ಡೊಂಕು ಬಿದ್ದವು.
ಅರ್ಧ ನನಗ ಕೊಟ್ಟಳು. ಕಡಿದೆ:
ಮೊದಲು ಎಣ್ಣಿ, ಆಮ್ಯಾಲ ಕಬ್ಬಿಣ,
ಸವತಿ ಕಡೀಕ.

ಒರೆಸಲಾಕ ನಾ ಚಿಂದಿ ಹುಡುಕೂದ್ರಾಗ
ಆಕಿ ಸೀರಿಗೇ ಒರೆಸಿ, ಮಡಚಿ,
ತನ್ನ ಕೈಲೆ ಡಬ್ಬ್ಯಾಗ ಇಟ್ಟಳು.
ಹನ್ನೊಂದನೇ ಜಾಗದಾಗ ಅಲ್ಲ,
ಎಲ್ಲಾದರ ಮ್ಯಾಲ.

ಇನ್ನಾ ಸರಿಸಿಲ್ಲ ನಾ.